ನಿಮ್ಮ ನೋವು ನಮಗೆ ಅರ್ಥವಾಗುತ್ತದೆ

ಫೆಬ್ರವರಿ 12, ಮಂಗಳವಾರ

ಇವತ್ತಿನ ಮೂರನೆಯ ಮನೆ. ಬಾಗಿಲು ತಟ್ಟುವ ಮೊದಲೇ ಮೈಮೇಲೆ ನೀರು. ಮುಸುರೆ ನೀರು — ಮರಗೆಣಸಿನ ಹಿಟ್ಟು ತೊಳಸಿದ ಪಾತ್ರೆ ತೊಳೆದದ್ದು. ಹುಳಿ ವಾಸನೆ. ತಲೆಯಿಂದ ಇಳಿದು ಆರೋಗ್ಯ ತಂಡದ ಜಾಕೆಟ್ಟಿನ ಒಳಗೆಲ್ಲ ಹರಿಯಿತು.

ಮನೆಯಾಕೆ ಕನ್ಯೆರೆ. ಬಾಳೆಹಣ್ಣಿನ ಹೆಂಡ ಮಾಡಿ ಮಾರುತ್ತಾಳೆ. ಗಂಡ ಪಲೂಕುವನ್ನು ಕಳೆದ ವಾರ ಎಬೋಲಾ ರೋಗಿಗಳ ಡೇರೆಗೆ ಒಯ್ದಿದ್ದರು. ಇವತ್ತು ಬೆಳಗಿನ ಜಾವ ತೀರಿಹೋದ. ಹೇಳಬೇಕಾದವಳು ನಾನು. ಹೇಳಿ, ಸಮಾಧಾನ ಮಾಡಿ, ಮಣ್ಣಿನ ಜಾಗಕ್ಕೆ ಕರೆದೊಯ್ದು ದೂರದಲ್ಲಿ ನಿಲ್ಲಿಸಬೇಕಾದವಳೂ ನಾನೇ. ತಂಡದವರ ಕಾಗದದಲ್ಲಿ ಈ ಕೆಲಸಕ್ಕೆ ಉದ್ದನೆಯ ಹೆಸರಿದೆ. ಈ ಬುಟೆಂಬೊ ಊರಿನ ಜನ ಇಟ್ಟ ಹೆಸರು ಚಿಕ್ಕದು — ಎಬೋಲಾ ಮೇಡಂ.

"ಹೋದ್ನಾ?" ಎಂದಳು, ಖಾಲಿ ಪಾತ್ರೆ ಕೈಯಲ್ಲೇ ಇತ್ತು.

"ನಿಮ್ಮ ನೋವು ನಮಗೆ ಅರ್ಥವಾಗುತ್ತದೆ," ಎಂದೆ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ ಅರ್ಥ ಆಯ್ತು? ಹೇಳು ನೋಡಣ. ಏನ್ ಅರ್ಥ ಆಯ್ತು ನಿನಗೆ?"

ಹೇಳಬೇಕಾದ ಮಾತು ಅಚ್ಚುಹಾಕಿ ಕೊಟ್ಟ ಕಾರ್ಡಿನಲ್ಲಿ ಇದಕ್ಕೆ ಉತ್ತರ ಇಲ್ಲ. ಮುಂದಿನ ವಾಕ್ಯ ಹೇಳಿದೆ. ಅವರನ್ನು ಗೌರವದಿಂದ ಕಳಿಸಿಕೊಡುತ್ತೇವೆ.

"ಮುಖ ತೋರ್ಸಿ. ಒಂದೇ ಸಲ. ಮುಟ್ಟಲ್ಲ. ದೂರದಿಂದ."

"ಚೀಲ ಮುಚ್ಚಿ ಆಗಿದೆ ಅಮ್ಮಾ."

"ಮುಚ್ಚಿದ್ ಚೀಲ ಬಿಚ್ಚಕ್ಕಾಗಲ್ವಾ? ಒಳಗಿರೋದು ನನ್ ಗಂಡಾನೇ ಅಂತ ಹೆಂಗೆ ನಂಬ್ಲಿ? ಬಾಳೆಗೊನೆ ತುಂಬಿ ಹೂತ್ರೂ ನನಗೆ ಗೊತ್ತಾಗತ್ತಾ?"

ಬೀದಿಯೆಲ್ಲ ನೋಡುತ್ತಿತ್ತು. ಯಾರೋ ನಕ್ಕರು. ನಾನು ನಗುಮುಖ ಇಟ್ಟುಕೊಂಡೇ ನಿಂತಿದ್ದೆ — ಹಾಗಂತ ತರಬೇತಿ.

ಜೀಪಿನಲ್ಲಿ ಮುಹಿಂದೊ ಟವೆಲ್ ಕೊಟ್ಟ. ಜೊತೆಗಾರ, ಚಿಕ್ಕ ವಯಸ್ಸು, ಇದೇ ಕೆಲಸ. "ಅಕ್ಕಾ, ಮೊನ್ನೆ ನನಗೆ ಕಲ್ಲು ಬಿತ್ತು. ನಿನಗೆ ಬರೀ ನೀರು. ಬಡ್ತಿ ಗ್ಯಾರಂಟಿ." ನಗು ಬಂತು. ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕನ್ಯೆರೆಯನ್ನು ದ್ವೇಷಿಸುತ್ತೇನೆ. ಇಲ್ಲಿ ಬರೆಯಬಹುದು. ಬೇರೆಲ್ಲೂ ಹೇಳುವಂತಿಲ್ಲ.


ಫೆಬ್ರವರಿ 13, ಬುಧವಾರ

ಬೆಳಗಿನ ಮೀಟಿಂಗ್. ಇಲುಂಗಾ ಸಾಹೇಬ — ನಮ್ಮ ಬಾಸ್, ರಾಜಧಾನಿ ಕಿನ್ಶಾಸಾದವನು, ನಮ್ಮ ಭಾಷೆಯ ಒಂದು ಪದವೂ ಬಾರದು — ಗೋಡೆಯ ಮೇಲೆ ಚಿತ್ರ ತೋರಿಸಿದ. "ಜನರ ಪ್ರತಿರೋಧ ಕಡಿಮೆಯಾಗುತ್ತಿದೆ." ನನ್ನ ಕೂದಲಲ್ಲಿ ಇನ್ನೂ ಹಿಟ್ಟಿನ ವಾಸನೆ.

ಹೊಸ ಕಾರ್ಡ್ ಹಂಚಿದರು. ಪ್ಲಾಸ್ಟಿಕ್ ಹಾಕಿದ್ದು, ಕ್ಲೋರಿನ್ನಿನಲ್ಲಿ ತೊಳೆಯಬಹುದು. ಮೊದಲ ವಾಕ್ಯ ಅದೇ. ಫ್ರೆಂಚಿನಿಂದ ನಮ್ಮ ಮಾತಿಗೆ ತಂದವಳು ನಾನೇ. ಟೀಚರಾಗಿದ್ದವಳಲ್ಲವೇ, ಭಾಷೆ ಚೆನ್ನಾಗಿದೆ ಎಂದು ನನ್ನಿಂದ ಮಾಡಿಸಿದರು. 'ತಿಳಿಯುತ್ತದೆ' ಎಂದು ಬರೆಯಲೋ 'ಅರ್ಥವಾಗುತ್ತದೆ' ಎಂದೋ — ಒಂದು ಮಧ್ಯಾಹ್ನವೆಲ್ಲ ಯೋಚಿಸಿದ್ದೆ. ಈಗ ಆ ಪದ ಕೇಳಿದರೆ ದವಡೆ ಬಿಗಿಯುತ್ತದೆ.

ಮೂರು ವರ್ಷದ ಹಿಂದೆ ನನ್ನ ಗಂಡನನ್ನು ಬೆನಿ ಊರಿನ ದಾರಿಯಲ್ಲಿ ಬಂಡುಕೋರರು ಮಚ್ಚಿನಿಂದ ಕಡಿದು ಹಾಕಿದರು. ಅವನ ಜೊತೆ ಲಾರಿಯಲ್ಲಿದ್ದ ಎಲ್ಲರನ್ನೂ. ಆಗ ಒಂದು ಜೀಪೂ ಬರಲಿಲ್ಲ. ನಿನ್ನ ನೋವು ಅರ್ಥವಾಗುತ್ತದೆ ಎನ್ನಲು ಜಾಕೆಟ್ ಹಾಕಿದವರು ಯಾರೂ ಬರಲಿಲ್ಲ. ನಮ್ಮ ರೋಗ ಅವರಿಗೆ ಅಂಟುತ್ತದೆ ಎಂದಾಗ ಬಂದರು. ಮಚ್ಚು ವಿಮಾನ ಹತ್ತಿ ಹೋಗುವುದಿಲ್ಲವಲ್ಲ.

ಇದನ್ನು ಮೀಟಿಂಗಿನಲ್ಲಿ ಹೇಳಬೇಕಿತ್ತು. ಕಾರ್ಡ್ ತೆಗೆದುಕೊಂಡು ಬಂದೆ.


ಫೆಬ್ರವರಿ 16, ಶನಿವಾರ

ತಮ್ಮ ಎಂಬೂಸಾ ನಾನು ಕೂತ ಕುರ್ಚಿಯಲ್ಲಿ ಕೂರುವುದಿಲ್ಲ. ಬೈಕ್ ಟ್ಯಾಕ್ಸಿ ಓಡಿಸುತ್ತಾನೆ. ಅಕ್ಕ ಎಬೋಲಾ ಮೇಡಂ ಎಂದು ಗೊತ್ತಾದ ಗಿರಾಕಿಗಳು ಅವನ ಹಿಂದೆ ಹತ್ತುವುದಿಲ್ಲವಂತೆ.

"ಇವತ್ತು ಎಷ್ಟ್ ಹೆಣ ಮಾರ್ದೆ?" ಊಟಕ್ಕೆ ಕೂತಾಗಲೇ ಕೇಳಿದ.

"ನೀನು ಬೈಕಲ್ಲಿ ಎಷ್ಟ್ ಸುಳ್ಳು ಹೊತ್ಕೊಂಡ್ ತಿರುಗ್ದೆ?"

"ಸುಳ್ಳಾ? ಎಬೋಲಾ ಇದೆ ಅಂತ ಓಟ್ ಹಾಕಕ್ಕೆ ಬಿಡ್ಲಿಲ್ಲ. ಸಂತೆಗೆ ಹೋಗಬಹುದು, ಚರ್ಚಿಗೆ ಹೋಗಬಹುದು, ಓಟಿನ ಡಬ್ಬಿ ಮುಟ್ಟಿದ್ರೆ ಮಾತ್ರ ಅಂಟತ್ತೆ. ಯಾರು ಸುಳ್ಳು?"

ಅದು ನಿಜ. ನಿಜವಾಗಿರುವುದಕ್ಕೇ ತಟ್ಟೆ ನೂಕಿದೆ. ಹುರುಳಿಕಾಯಿ ಚೆಲ್ಲಿತು.

ಅಮ್ಮ ಎದ್ದು ಇಬ್ಬರ ತಲೆಗೂ ಒಂದೊಂದು ಮೊಟಕಿದಳು. ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. "ನಿನ್ ಕ್ಲೋರಿನ್ನು ನೀನೇ ಕುಡಿ," ಎಂದಳು. "ನಾನು ಹೆತ್ತಿದ್ ತಲೆ. ಮೊಟಕಕ್ಕೆ ಸರ್ಕಾರದ ಪರ್ಮಿಷನ್ ಬೇಕಾ?" ಎಪ್ಪತ್ತರ ಮೇಲಾದರೂ ದಿನಾ ಸಂತೆಗೆ ಹೋಗಿ ಕಾಳು ಮಾರುತ್ತಾಳೆ. ಗ್ರಾಹಕರಿಗೆ ಬೈದೇ ವ್ಯಾಪಾರ. ಬೈಸಿಕೊಳ್ಳದೆ ಕೊಂಡರೆ ಕಾಳು ಬೇಯುವುದಿಲ್ಲ ಎನ್ನುತ್ತಾರೆ ಜನ.

ಕೈ ತೊಳೆದೆ. ಮತ್ತೆ ತೊಳೆದೆ. ಬೆರಳ ಸಂದಿ ಒಡೆದು ಉರಿಯುತ್ತಿದೆ. ನಿಲ್ಲಿಸಲು ಆಗುವುದಿಲ್ಲ.


ಫೆಬ್ರವರಿ 19

ಲೋಟ ಒಡೆದೆ. ಬೇಕೆಂದೇ.


ಫೆಬ್ರವರಿ 28, ಗುರುವಾರ

ಡೇರೆಗಳಿಗೆ ಬೆಂಕಿ ಇಟ್ಟಿದ್ದಾರೆ. ಗುಂಡು ಹಾರಿದೆ. ನಾವು ಎರಡು ದಿನ ಹೊರಗೆ ಹೋಗಲಿಲ್ಲ. ಎರಡು ದಿನ ಯಾರಿಗೂ ಏನೂ ಅರ್ಥವಾಗುತ್ತದೆ ಎಂದು ಹೇಳಲಿಲ್ಲ. ನಾಚಿಕೆಯಿಲ್ಲದೆ ಬರೆಯುತ್ತೇನೆ — ಹಾಯಾಗಿತ್ತು.

ಆದರೆ ಈ ಬಾಯಿಯ ರುಚಿ... ಅನ್ನಕ್ಕೂ ಚಹಾಕ್ಕೂ ಕ್ಲೋರಿನ್. ಅಮ್ಮ ಮೂಸಿ ನೋಡಿ, "ಏನಿಲ್ವಲ್ಲೇ, ನಿನ್ ಮೂಗಲ್ಲೇ ಇರೋದು," ಎಂದಳು. ಪಕ್ಕದ ಮನೆ ಹುಡುಗಿ ಹಿಂದಿನಿಂದ ಬಂದು ಬಟ್ಟೆಯಂಚು ಹಿಡಿದಾಗ ಕಿರುಚಿದೆ. ಆ ಮಗು ಅತ್ತಿತು. ಅವಳಮ್ಮನ ಜೊತೆ ಜಗಳ. ಅವಳಮ್ಮ ಸರಿ. ನಾನು ತಪ್ಪು. ಆದರೂ ಸೋಲಲಿಲ್ಲ.

ಮೊದಲು ನಾನು ಹೀಗಿರಲಿಲ್ಲ. ನಲವತ್ತು ಮಕ್ಕಳ ತರಗತಿ, ಬೆತ್ತ ಇಟ್ಟುಕೊಂಡವಳಲ್ಲ.


ಮಾರ್ಚ್ 5, ಮಂಗಳವಾರ

ಅಮ್ಮ ಇಲ್ಲ.


ಮಾರ್ಚ್ 6, ವಿಭೂತಿ ಬುಧವಾರ

ಎಲ್ಲರೂ ಚರ್ಚಿಗೆ ಹೋಗಿದ್ದಾರೆ. ಈ ಸಲ ಪಾದ್ರಿ ಹಣೆ ಮುಟ್ಟುವುದಿಲ್ಲವಂತೆ, ಬೂದಿಯನ್ನು ಮೇಲಿನಿಂದ ಉದುರಿಸುತ್ತಾರಂತೆ. ನಾನು ಹೋಗಲಿಲ್ಲ. ಬರೆಯುತ್ತೇನೆ. ಬರೆಯದಿದ್ದರೆ ಏನಾದರೂ ಸುಡುತ್ತೇನೆ.

ನಿನ್ನೆ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಇನ್ನೂ ಮಲಗಿದ್ದಳು. ಹತ್ತರ ಸುಮಾರಿಗೆ ಸಂತೆಯಲ್ಲಿ, ಯಾರಿಗೋ ಬೈಯುತ್ತಿದ್ದಾಗಲೇ, ಮಾತು ತೊದಲಿತು. ಕಾಳಿನ ಚೀಲದ ಮೇಲೆ ಒರಗಿದಳು. ಸಂತೆಯ ಹೆಂಗಸರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೊತ್ತೊಯ್ದರು. ನನಗೆ ಫೋನ್ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಲಕ್ವ ಹೊಡೆದದ್ದು. ನನಗೆ ಗೊತ್ತು. ಅವಳ ಅಮ್ಮನೂ ಹೀಗೇ ಹೋದದ್ದು.

ಆದರೆ ನಿಯಮ ಇದೆ. ಈಗ ಈ ಊರಲ್ಲಿ ಯಾರು ಹೇಗೆ ಸತ್ತರೂ ಮಾದರಿ ತೆಗೆದು ಟೆಸ್ಟ್‌ಗೆ ಕಳಿಸಬೇಕು, ಚೀಲದಲ್ಲೇ ಹೂಳಬೇಕು. ಉತ್ತರ ಬರುವವರೆಗೂ ಹೆಣ ಎಂದರೆ ಎಬೋಲಾ ಹೆಣವೇ.

ನಾನು ಕೇಂದ್ರ ತಲುಪಿದಾಗ ಅಮ್ಮನಿದ್ದ ಕೋಣೆಯ ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿಯಾಗಿತ್ತು. ಎಂಬೂಸಾ ಗೆಳೆಯರ ಜೊತೆ ನಾಲ್ಕಾರು ಬೈಕಿನಲ್ಲಿ ಬಂದಿದ್ದ.

"ಪಕ್ಕಕ್ ಸರಿ ಅಕ್ಕ. ಬಾಗ್ಲು ಒಡೀತೀವಿ. ಅಮ್ಮನ್ನ ತಗೊಂಡ್ ಹೋಗ್ತೀವಿ. ಬೆಟ್ಟದ ಮೇಲೆ ಅಪ್ಪನ ಪಕ್ಕ ಹೂಳ್ತೀವಿ. ಸ್ನಾನ ಮಾಡ್ಸಿ, ಬಟ್ಟೆ ಉಡ್ಸಿ. ಮನುಷ್ಯರ ಥರ."

ನಾನು ಬಾಗಿಲಿಗೆ ಅಡ್ಡ ನಿಂತೆ.

ಯಾಕೆ ನಿಂತೆ? ಜನವರಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಅಜ್ಜಿಗೆ ಸ್ನಾನ ಮಾಡಿಸಿದ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಹೋದರು. ಕೊನೆಗೆ ಮನೆಗೆ ಬೀಗ ಹಾಕಲು ದೊಡ್ಡವರು ಯಾರೂ ಉಳಿಯಲಿಲ್ಲ. ನಾನದನ್ನು ನೋಡಿದ್ದೇನೆ. ಲಕ್ವ ಎಂದು ನನಗೆ ಗೊತ್ತು. ಆ ಅಜ್ಜಿಯ ಹೆಣ್ಣುಮಕ್ಕಳಿಗೂ ಮಲೇರಿಯಾ ಎಂದು ಗೊತ್ತಿತ್ತು.

"ಜರುಗು," ಎಂದ.

"ಇಲ್ಲ."

"ಕಟುಂಗು," ಎಂದು ನನ್ನ ಹೆಸರು ಹಿಡಿದ. "ಜರುಗು. ಅದು ಅಮ್ಮ."

"ಅದಕ್ಕೇ ಜರುಗಲ್ಲ."

ನನ್ನನ್ನು ನೂಕಬಹುದಿತ್ತು. ಕೈ ಎತ್ತಿದ. ಅಂಟುತ್ತದೆಂಬ ಭಯವೋ, ನನ್ನ ಮೇಲಿನ ಅಸಹ್ಯವೋ — ಮುಟ್ಟಲಿಲ್ಲ. "ಹೆಣದ ಅನ್ನ ತಿಂದ್ ತಿಂದ್ ನಿನಗೆ ಅಮ್ಮನೂ ಒಂದು ಹೆಣ ಆಗೋದ್ಲು," ಎಂದು ಉಗಿದು ಹೊರಗೆ ಹೋಗಿ ನಿಂತ.

ನಾನೇ ಹೂಳುವ ತಂಡಕ್ಕೆ ಫೋನ್ ಮಾಡಿದೆ. ಬಂದರು. ಮೈಯೆಲ್ಲ ಮುಚ್ಚುವ ಬಿಳಿ ಉಡುಪಿನವರು ಹಿಂಬಾಗಿಲಿಂದ ಒಳಗೆ ಹೋದರು. ಸಹಿ ಹಾಕಲು ನನ್ನನ್ನು ಪಟ್ಟಿಯ ಒಳಗೆ ಕರೆದರು. ನಾನು ಪಟ್ಟಿ ದಾಟುವುದನ್ನು ಎಂಬೂಸಾ ಕಿಟಕಿಯಾಚೆಯಿಂದ ನೋಡಿ ಮುಖ ತಿರುಗಿಸಿ ಹೋದ. ಒಳಗೆ ಹೋದಾಗ ಚೀಲದ ಜಿಪ್ ಮುಚ್ಚಿತ್ತು. ಬಿಳಿ ಚೀಲ. ಅಮ್ಮ ಇಷ್ಟು ಗಿಡ್ಡ ಇದ್ದಳೇ?

"ಮುಖ ತೋರ್ಸಿ," ಎಂದೆ.

ಅವರು ಮುಹಿಂದೊನ ಕಡೆ ನೋಡಿದರು. ನಿನ್ನೆ ಮನೆಯವರನ್ನು ಸಮಾಧಾನ ಮಾಡುವ ಸರದಿ ಅವನದು. ಅವನು ನನ್ನ ಎದುರು ಬಂದು ನಿಂತ, ತರಬೇತಿಯಲ್ಲಿ ಹೇಳಿದಷ್ಟೇ ದೂರದಲ್ಲಿ. ಕಣ್ಣು ಕೆಂಪಗಿತ್ತು. ಬಾಯಿ ತೆರೆದ.

"ಅಕ್ಕಾ... ನಿಮ್ಮ ನೋವು ನಮಗೆ ಅರ್ಥವಾಗುತ್ತದೆ."

ಕೆನ್ನೆಗೆ ಹೊಡೆದೆ. ಕೈ ಪೂರ್ತಿ ಬೀಸಿ. ಅವನ ಕನ್ನಡಕ ಹಾರಿ ಬಿತ್ತು.

ತಿಂಗಳುಗಳಿಂದ ನಾನಾಗಿ ಯಾರನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದು ಹೀಗೆ.

ಆಮೇಲೆ ಎಲ್ಲ ಕಾರ್ಡಿನಲ್ಲಿದ್ದಂತೆ. ಗೌರವದಿಂದ. ದೂರದಿಂದ. ಹೊಸ ಸ್ಮಶಾನ, ನೀಲಗಿರಿ ಮರಗಳ ಕೆಳಗೆ. ಎಂಬೂಸಾ ಬರಲಿಲ್ಲ. ಸಂಜೆ ಬಟ್ಟೆ ಗಂಟು ಕಟ್ಟಿಕೊಂಡು ಗೆಳೆಯನ ಮನೆಗೆ ಹೊರಟು ಹೋದ.


ಮಾರ್ಚ್ 8, ಶುಕ್ರವಾರ

ಇಲುಂಗಾ ಫೋನ್ ಮಾಡಿದ. ದನಿಯಲ್ಲಿ ಸಕ್ಕರೆ.

"ಮೇಡಂ, ಶುಭ ಸುದ್ದಿ. ನಿಮ್ಮ ತಾಯಿಯವರ ಟೆಸ್ಟ್ ನೆಗೆಟಿವ್."

ಶುಭ ಸುದ್ದಿ.

"ಹಾಗಾದ್ರೆ ಎಬ್ಸಿ ಕಳ್ಸಿ," ಎಂದೆ.

"ಕ್ಷಮಿಸಿ?"

"ನೆಗೆಟಿವ್ ಅಲ್ವಾ. ತಪ್ಪಾಗಿ ತಗೊಂಡ್ ಹೋದ್ರಿ ಅಲ್ವಾ. ವಾಪಸ್ ಕಳ್ಸಿ. ಸ್ನಾನ ಮಾಡ್ಸಬೇಕು."

ಫೋನ್ ಗೋಡೆಗೆ ಎಸೆದೆ. ಒಡೆಯಲಿಲ್ಲ. ಅದಕ್ಕೂ ಸಿಟ್ಟು.


ಮಾರ್ಚ್ 21, ಗುರುವಾರ

ಬರೆಯಲು ಏನೂ ಇರಲಿಲ್ಲ. ಕೂತಿದ್ದೆ. ಒಲೆ ಹಚ್ಚಿಲ್ಲ. ಕೂದಲು ಬಾಚಿಲ್ಲ.

ಇವತ್ತು ಆಫೀಸಿನಿಂದ ಒಬ್ಬಳನ್ನು ಕಳಿಸಿದ್ದರು. ನನಗೆ ರಜೆ ಕೊಟ್ಟಿದ್ದಾರಂತೆ — ಕೆನ್ನೆಗೆ ಹೊಡೆದದ್ದಕ್ಕೆ ಶಿಕ್ಷೆಯಲ್ಲವಂತೆ, 'ಆರೈಕೆ'ಯಂತೆ. ಗೋಮಾ ಪಟ್ಟಣದಿಂದ ಬಂದ ಹುಡುಗಿ, ಮನಸ್ಸಿನ ಶಾಸ್ತ್ರ ಓದಿದವಳು. ಉಗುರಿಗೆ ಚೆಂದದ ಬಣ್ಣ.

"ನಿಮ್ಮ ದುಃಖಕ್ಕೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ ಕೊಡ್ತೀರಿ?"

"ನಾನು ಟೀಚರ್ ಆಗಿದ್ದವ್ಳು, ಮಗಾ. ದುಃಖ ಪಾಸಾಗಿದೆ. ನಿನ್ನನ್ನ ಫೇಲ್ ಮಾಡ್ಲಾ?"

ಅವಳು ಬರೆದುಕೊಂಡಳು. 'ಸಿಟ್ಟು' ಎಂದು ಬರೆದಿರಬೇಕು. ಬರೆದುಕೊಳ್ಳಲಿ. ಸಿಟ್ಟು ರೋಗದ ಲಕ್ಷಣವಂತೆ, ನಿದ್ದೆ ಬಾರದಿರುವುದೂ, ಕೈ ತೊಳೆಯುವುದೂ, ಬೆಚ್ಚಿ ಬೀಳುವುದೂ. ಹೌದು, ಎಲ್ಲ ನನಗಿವೆ. ಆದರೆ ಸಿಟ್ಟನ್ನು ಆ ಸಾಲಿಗೆ ಸೇರಿಸಬೇಡಿ. ಕಾಲಿನ ಮೇಲೆ ಲಾರಿ ನಿಲ್ಲಿಸಿ, ಕಿರುಚುವುದೊಂದು ಕಾಯಿಲೆ ಎಂದರೆ?

ಹೋಗುವಾಗ ಮಾತ್ರೆ ಕೊಟ್ಟಳು, ಮಲಗಲು. ಪಾಪದ ಹುಡುಗಿ. ಬಾಗಿಲಲ್ಲಿ ನಿಂತು, "ನನ್ನಜ್ಜಿಯ ಮಣ್ಣಿಗೂ ನನಗೆ ಹೋಗಕ್ಕಾಗ್ಲಿಲ್ಲ ಅಕ್ಕಾ," ಎಂದಳು. ಅದನ್ನು ಮೊದಲೇ ಹೇಳಿದ್ದರೆ ಒಳಗೆ ಕೂರಿಸಿ ಚಹಾ ಕೊಡುತ್ತಿದ್ದೆ.


ಮಾರ್ಚ್ 23, ಶನಿವಾರ

ಕನ್ಯೆರೆ ಬಂದಿದ್ದಳು! ಮುಸುರೆ ನೀರಿನ ಕನ್ಯೆರೆ. ಬಾಗಿಲಲ್ಲಿ ನಿಂತು ಮನೆಯನ್ನೆಲ್ಲ ಕಣ್ಣಲ್ಲೇ ಅಳೆದಳು.

"ಸಮಾಧಾನ ಹೇಳಕ್ಕೆ ಬಂದಿಲ್ಲ. ನೋಡಕ್ಕೆ ಬಂದೆ."

"ಏನ್ ನೋಡಕ್ಕೆ?"

"ನಿನಗೂ ಆಯ್ತಂತಲ್ಲ. ಹೆಂಗಿದೀಯ ಅಂತ ನೋಡ್ಬೇಕು ಅನ್ಸ್ತು. ಖುಷಿಯಾಗತ್ತೇನೋ ಅಂದ್ಕೊಂಡಿದ್ದೆ."

"ಆಯ್ತಾ?"

"ಇಲ್ಲ ಕಣೇ." ಹೊಸ್ತಿಲ ಮೇಲೆ ಕೂತಳು. "ಹಾಳಾದ್ದು. ಅಷ್ಟ್ ದೂರ ನಡ್ಕೊಂಡ್ ಬಂದೆ."

ಬಯ್ದೆ. ನನ್ನ ಮೇಲೆ ನೀರು ಎರಚಿದವಳು ನೀನು, ಬೀದಿಯಲ್ಲಿ ನಗಿಸಿದವಳು ನೀನು ಎಂದು. ಅವಳೂ ಬಯ್ದಳು. ಗಂಡ ಸತ್ತ ಸುದ್ದಿಯನ್ನು ಪಡಿತರದ ಸುದ್ದಿ ಹೇಳಿದ ಹಾಗೆ ಹೇಳಿದೆಯಲ್ಲ, ನಿನ್ನ ನಗುಮುಖಕ್ಕೆ ಬೆಂಕಿ ಬೀಳ ಎಂದು. ಇಬ್ಬರ ದನಿಯೂ ಏರಿತು. ಪಕ್ಕದ ಮನೆಯವಳು ಇಣುಕಿ ಹೋದಳು. ಎಷ್ಟೋ ದಿನದ ಮೇಲೆ ಯಾರೋ ನನ್ನ ಜೊತೆ ದನಿ ತಗ್ಗಿಸದೆ ಮಾತಾಡಿದ್ದು. ಎದೆ ಹಗುರಾಯಿತು ಎಂದು ಬರೆಯುವುದಿಲ್ಲ. ಎದೆ ಇದೆ ಎಂದು ಗೊತ್ತಾಯಿತು.

ಬಯ್ಗುಳ ಮುಗಿದ ಮೇಲೆ ಅವಳೇ ಒಲೆ ಹಚ್ಚಿದಳು.

"ನಿಮ್ಮಮ್ಮನ್ನ ಎಲ್ಲಿ ಹಾಕಿದ್ರು?"

"ನೀಲಗಿರಿ ಮರದ ಕೆಳಗೆ. ನಿನ್ ಗಂಡನ್ ಸಾಲಲ್ಲೇ ಇರಬೇಕು."

"ನಾನು ಹೋಗೇ ಇಲ್ಲ ಆಮೇಲೆ," ಎಂದಳು. "ಅಲ್ಲಿ ಅವನೇ ಇದಾನೆ ಅಂತ ಯಾರಿಗೊತ್ತು. ಯಾವನ್ದೋ ಗುಂಡಿಗೆ ಅಳೋದಾ?"


ಮಾರ್ಚ್ 25, ಸೋಮವಾರ

ಇಬ್ಬರೂ ಹೋದೆವು. ಕೆಂಪು ಮಣ್ಣಿನ ದಿಬ್ಬಗಳು, ಒಂದೇ ಅಳತೆ, ಒಂದೇ ದೂರ. ಮರದ ಶಿಲುಬೆಗೆ ಕರಿ ಬಣ್ಣದಲ್ಲಿ ಹೆಸರು. ಮಳೆಗೆ ಆಗಲೇ ಇಳಿಯುತ್ತಿದೆ.

ಪಲೂಕುವಿನ ಗುಂಡಿಯ ಮುಂದೆ ಕನ್ಯೆರೆ ತುಂಬ ಹೊತ್ತು ನಿಂತಳು. ಅಳಲಿಲ್ಲ. ಮಣ್ಣಿಗೆ ಕೇಳಿದಳು: "ನೀನೇನಾ?"

ಅಮ್ಮನ ಮುಂದೆ ನಿಂತಾಗ ನನಗೂ ಅದೇ ಪ್ರಶ್ನೆ ಬಂತು. ನಾನು ಚೀಲವನ್ನು ನೋಡಿದವಳು! ಸಹಿ ಹಾಕಿದವಳು! ಅವಳೇ ಎಂದು ತಲೆಗೆ ಗೊತ್ತು. ಆದರೂ ಬೆಳಿಗ್ಗೆ ಎದ್ದಾಗಲೆಲ್ಲ, ಸಂತೆಯಿಂದ ಇನ್ನೂ ಯಾಕೆ ಬರಲಿಲ್ಲ ಎಂದು ಕಿವಿ ಕಾಯುತ್ತದೆ. ಈ ಊರಲ್ಲಿ ಎಷ್ಟು ಜನರ ಕಿವಿ ಹೀಗೆ ಕಾಯುತ್ತಿದೆಯೋ. ಎಷ್ಟು ಮನೆಗೆ ನಾನೇ ಹೋಗಿ, ಗೌರವದಿಂದ, ಈ ಕಾಯುವ ರೋಗ ಹಚ್ಚಿ ಬಂದೆನೋ.

ವಾಪಸು ಬರುವಾಗ ಕನ್ಯೆರೆ ಅಂದಳು, "ಆ ಬಿಳೀ ಉಡುಪು ಹಾಕ್ಕೊಂಡೋರು ಮುಟ್ತಾರಲ್ಲ. ಅವರಿಗೆ ಅಂಟಲ್ವಲ್ಲ. ನನಗೂ ಅದನ್ನೇ ಒಂದು ತೊಡ್ಸಿದ್ರೆ ಏನಾಗ್ತಿತ್ತು?"

ನಿಂತುಬಿಟ್ಟೆ. ದಾರಿಯ ಮಧ್ಯೆ.

ಏನಾಗುತ್ತಿತ್ತು?


ಏಪ್ರಿಲ್ 2, ಮಂಗಳವಾರ

ಕೆಲಸಕ್ಕೆ ಮರಳಿದೆ. ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದೆ. ಮನೆಗೊಬ್ಬರಿಗೆ ಉಡುಪು ತೊಡಿಸಿ. ಚೀಲ ಮುಚ್ಚುವ ಮೊದಲು ಒಳಗೆ ಬಿಡಿ. ಮುಖ ನೋಡಲಿ. ಹೆಸರು ಹಿಡಿದು ಕರೆಯಲಿ. ಮುಟ್ಟುವುದು ಬೇಡ.

"ಒಳ್ಳೆಯ ಸಲಹೆ," ಎಂದ ಇಲುಂಗಾ. "ಬರೆದು ಕೊಡಿ. ಮೇಲಿನವರಿಗೆ ಕಳಿಸೋಣ."

"ಮೇಲಿನವ್ರು ಅಂದ್ರೆ ಯಾರು? ದೇವ್ರಾ?"

"ಮೇಡಂ, ಅಪಾಯ ಇದೆ. ಉಡುಪು ತೆಗೆಯುವಾಗ ತಪ್ಪಾದರೆ..."

"ತಪ್ಪಾಗದ ಹಾಗೆ ತೆಗೆಯೋದನ್ನ ನಮ್ ಹುಡುಗರಿಗೆ ನೀವೇ ಕಲಿಸಿದ್ದು. ಅವರೇ ತೆಗೀತಾರೆ."

"ದಯವಿಟ್ಟು ಕೂತ್ಕೊಳ್ಳಿ."

ಕೂರಲಿಲ್ಲ. ಜಾಕೆಟ್ ಕಳಚಿ ಅವನ ಮೇಜಿನ ಮೇಲಿಟ್ಟೆ. ಕಾರ್ಡನ್ನೂ. ಮುಹಿಂದೊ ತಲೆ ತಗ್ಗಿಸಿದ್ದ. ಹೊಸ ಕನ್ನಡಕ.


ಏಪ್ರಿಲ್ 4, ಗುರುವಾರ

ಆಫೀಸಿನ ಗೇಟಿನ ಮುಂದೆ ಕೂತೆವು. ಬೆಳಿಗ್ಗೆ ಜೀಪುಗಳು ಹೊರಡುವ ಹೊತ್ತಿಗೆ. ಕನ್ಯೆರೆ ಮನೆಮನೆಗೆ ಹೋಗಿ ಕರೆದಿದ್ದಳು. ಹೆಂಡ ಮಾರುವವಳಿಗೆ ಎಲ್ಲ ಮನೆಯ ದಾರಿಯೂ ಗೊತ್ತು. ಬಂದವರಲ್ಲಿ ಅರ್ಧ ಜನ ನಾನು ಕಾರ್ಡ್ ಓದಿ ಹೇಳಿದ ಮನೆಯವರೇ. ನನ್ನನ್ನು ನೋಡಿ ಒಬ್ಬಳು ಎದ್ದು ಹೊರಟಳು. "ಇವಳಿದ್ರೆ ನಾನಿಲ್ಲ." ಕನ್ಯೆರೆ ಅವಳ ಹೊದಿಕೆಯ ಬಟ್ಟೆ ಹಿಡಿದು ಎಳೆದಳು: "ಕೂತ್ಕೊಳೇ. ಇವಳ್ನ ಆಮೇಲೆ ಬೈಯೋಣ. ಅವಳೆಲ್ಲಿಗೆ ಓಡ್ತಾಳೆ?"

ಮಳೆ ಬಂತು. ಯಾರೂ ಏಳಲಿಲ್ಲ. ಕಾವಲಿನ ಸೈನಿಕರು ಬಂದೂಕು ಹಿಡಿದು ಆಚೆಗೂ ಈಚೆಗೂ ಓಡಾಡಿದರು, ಹೆಂಗಸರಿಗೆ ಏನು ಮಾಡಬೇಕೆಂದು ತೋಚದೆ.

ಆಗ ಬೈಕುಗಳ ಸದ್ದು. ಎಂಬೂಸಾ, ಅವನ ಪಟಾಲಂ. ಮಡಿಲಲ್ಲಿ ಕಲ್ಲು. ಸೈನಿಕರು ಬಂದೂಕು ಎತ್ತಿದರು.

ಎದ್ದು ಅವನ ಕಡೆ ಓಡಿದೆ. "ಕೆಳಗ್ ಹಾಕೋ! ಒಂದ್ ಕಲ್ಲು ಬಿದ್ರೆ ನಾಳೆ ರೇಡಿಯೋದಲ್ಲಿ ಕಲ್ಲೇ ಇರತ್ತೆ, ನಾವಿರಲ್ಲ! ಅಮ್ಮನ್ ಹೆಸರಲ್ಲಿ ಹೊಡೀತೀಯಾ? ಅಮ್ಮ ಬಾಯಲ್ಲಿ ಹೊಡೀತಿದ್ಲು, ಕಲ್ಲಲ್ಲಲ್ಲ!"

ಅವನು ನನ್ನ ಕಡೆ ನೋಡಲಿಲ್ಲ. ಆದರೆ ಕಲ್ಲು ಬಿತ್ತು, ಅವನ ಕಾಲ ಬಳಿಯೇ. ಮಿಕ್ಕವರೂ ಹಾಕಿದರು. ಬೈಕಿನ ಮೇಲೇ ಕೂತ, ಮಳೆಯಲ್ಲಿ.

ಮಧ್ಯಾಹ್ನ ಇಲುಂಗಾ ಹೊರಗೆ ಬಂದ. ಗುಂಡು ಹಾರಿದ ದಿನದಿಂದ ಆಫೀಸಿನಲ್ಲೇ ಮಲಗುತ್ತಿದ್ದಾನಂತೆ. ಅಂಗಿ ಮುದುಡಿತ್ತು, ಕಣ್ಣು ಗುಳಿಬಿದ್ದಿತ್ತು. ಅವನೂ ನಿದ್ದೆ ಮಾಡಿಲ್ಲ ಎಂದು ಅನಿಸಿತು. ಅನಿಸಿದ್ದು ನನಗೆ ಇಷ್ಟವಾಗಲಿಲ್ಲ.

"ಎಷ್ಟು ಸಮಯ ಬೇಕಾಗುತ್ತೆ ಇದಕ್ಕೆ?" ಎಂದು ಹೂಳುವ ತಂಡದವರನ್ನು ಕೇಳಿದ.

ಉತ್ತರ ಕೊಟ್ಟವನು ಮುಹಿಂದೊ. "ಹತ್ ನಿಮಿಷ ಸಾರ್. ತೊಡ್ಸೋದು, ನೋಡೋದು, ತೆಗ್ಯೋದು, ಎಲ್ಲ ಸೇರಿ. ನಾನು ಪಕ್ಕದಲ್ಲಿ ನಿಲ್ತೀನಿ."

"ಮಾಡಿ," ಎಂದ ಇಲುಂಗಾ. "ಮೇಲಿನವರಿಗೆ ನಾನು ಹೇಳ್ತೀನಿ."

ಅಷ್ಟೇ. ಹೆಂಗಸರು ಕೂಗಿದರು, ನಾಲಗೆ ಹೊರಳಿಸಿ, ಮದುವೆಮನೆಯಲ್ಲಿ ಕೂಗುವ ಹಾಗೆ. ಕನ್ಯೆರೆಯೂ ಕೂಗಿದಳು. ಆಮೇಲೆ ಥಟ್ಟನೆ ನಿಲ್ಲಿಸಿ ರಸ್ತೆಯ ಮೇಲೇ ಕೂತುಬಿಟ್ಟಳು.

"ಹತ್ ನಿಮಿಷ," ಎಂದಳು. "ಕೇಳಿಸ್ಕೊಂಡ್ಯಾ? ಹತ್ ನಿಮಿಷ ಅಂತೆ."


ಏಪ್ರಿಲ್ 5

ಹತ್ತು ನಿಮಿಷ.

ಆಗುತ್ತಿತ್ತು. ಮೊದಲಿನಿಂದಲೂ ಆಗುತ್ತಿತ್ತು. ಉಡುಪು ಇತ್ತು. ಮುಹಿಂದೊ ಇದ್ದ. ಹತ್ತು ನಿಮಿಷ ಇತ್ತು. ಕೇಳಿದವರಿದ್ದರು, ಯಾರೂ ಕೊಡಲಿಲ್ಲ.

ಗೆದ್ದೆವು ಎನ್ನುತ್ತಾರೆ ಬೀದಿಯಲ್ಲಿ. ಗೆದ್ದವರು ರಾತ್ರಿಯಿಡೀ ಕೈ ತೊಳೆಯುತ್ತಾರೆಯೇ?


ಏಪ್ರಿಲ್ 10, ಬುಧವಾರ

ಹೊಸ ಕ್ರಮದಲ್ಲಿ ಇವತ್ತು ಮೊದಲನೆಯದು. ಮತ್ತೆ ಕೆಲಸಕ್ಕೆ ಕರೆದಿದ್ದರು, ಜಾಕೆಟ್ ಇಲ್ಲದೆ ಹೋದೆ. ಸತ್ತವಳು ಹತ್ತೊಂಬತ್ತರ ಹುಡುಗಿ. ತಂದೆ ಬಡಗಿ, ದೊಡ್ಡ ಆಳು. ಬಿಳಿ ಉಡುಪು ಅವನಿಗೆ ಬಿಗಿಯಾಯಿತು. ಮುಹಿಂದೊ ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ಕೈ ಹಿಡಿದು ತೊಡಿಸಿದ. ಕಾರ್ಡ್ ತೆಗೆಯಲಿಲ್ಲ.

ಒಳಗಿಂದ ಆ ತಂದೆಯ ದನಿ ಕೇಳಿಸಿತು. ಮಗಳ ಹೆಸರು ಕರೆದ. ಒಂದು ಸಲ ಮೆಲ್ಲಗೆ, ಎಬ್ಬಿಸುವ ಹಾಗೆ. ಇನ್ನೊಂದು ಸಲ ಜೋರಾಗಿ.

ಹೊರಗೆ ಬಂದು ಕಾಯುತ್ತಿದ್ದ ಹೆಂಡತಿಗೆ ಹೇಳಿದ, "ಅವಳೇ ಕಣೇ. ನೋಡ್ದೆ. ಅವಳೇ."

ಅವರಿಬ್ಬರೂ ಅತ್ತರು. ಅಳುವಂಥ ಅಳು. ಇಷ್ಟು ತಿಂಗಳಲ್ಲಿ ನಾನು ಕೇಳಿದ್ದೆಲ್ಲ ಕಿರುಚಾಟ. ಅಳು ಎಂದರೆ ಹೀಗಿರುತ್ತದೆ ಎಂಬುದೇ ಮರೆತಿತ್ತು.

ಜೀಪಿನಲ್ಲಿ ಮುಹಿಂದೊನ ಕೆನ್ನೆ ನೋಡಿದೆ. "ಇನ್ನೂ ನೋಯ್ತಿದ್ಯಾ?"

"ಒಂದು ತಿಂಗ್ಳಾಯ್ತು ಅಕ್ಕಾ. ಆದ್ರೂ ಚಹಾ ಕೊಡ್ಸಿದ್ರೆ ಬೇಗ ವಾಸಿಯಾಗತ್ತೆ."

ಕೊಡಿಸಿದೆ. ಕ್ಲೋರಿನ್ ವಾಸನೆ ಹೋಗಿಲ್ಲ. ಸಕ್ಕರೆಯೂ ಗೊತ್ತಾಯಿತು, ಜೊತೆಗೇ.


ಏಪ್ರಿಲ್ 14, ಗರಿಗಳ ಭಾನುವಾರ

ಎಂಬೂಸಾ ಬಂದಿದ್ದಾನೆ. ಚರ್ಚಿನಿಂದ ನೇರ, ಕೈಯಲ್ಲಿ ತಾಳೆಗರಿ. ಒಳಗೆ ಬರದೆ ಅಂಗಳದಲ್ಲೇ ನಿಂತು ಜಗಳ ತೆಗೆದ.

"ಈಗ ಎಲ್ಲರಿಗೂ ಮುಖ ತೋರಿಸ್ತಾರಂತೆ. ನೀನೇ ಮಾಡ್ಸಿದ್ದಂತೆ. ಊರೆಲ್ಲ ಹೊಗಳ್ತಿದೆ. ಅವತ್ತು ನಿನಗ್ ಮಾತ್ರ ತೋರ್ಸಿದ್ರಲ್ಲ, ಆಗ ನನ್ನನ್ನ ಯಾಕೆ ಒಳಗ್ ಕರೀಲಿಲ್ಲ? ನಾನು ಮಗ ಅಲ್ವಾ?"

ಅರ್ಥವೇ ಆಗಲಿಲ್ಲ. "ಏನ್ ತೋರ್ಸಿದ್ರು?"

"ಅಮ್ಮನ್ ಮುಖ. ನೀನು ಪಟ್ಟಿ ದಾಟಿ ಒಳಗೆ ಹೋದ್ಯಲ್ಲ. ಕಿಟಕಿಯಿಂದ ನೋಡ್ದೆ ನಾನು. ನೀನು ಅವರ ಪೈಕಿ ಅಂತ ತೋರ್ಸಿದ್ರು."

"ಇಲ್ಲ ಕಣೋ."

"ಸುಳ್ಳು ಹೇಳ್ಬೇಡ."

"ಜಿಪ್ ಹಾಕಿತ್ತು ಎಂಬೂಸಾ. ಕೇಳ್ದೆ. ತೋರ್ಸ್ಲಿಲ್ಲ. ಅದಕ್ಕೇ ಆ ಹುಡುಗನ್ ಕೆನ್ನೆಗೆ ಹೊಡೆದಿದ್ದು. ನಾನೂ ನೋಡಿಲ್ಲ."

ಅವನ ಬಾಯಿ ತೆರೆದೇ ಇತ್ತು. ಒಂದು ತಿಂಗಳ ಮೇಲಿನ ಸಿಟ್ಟು, ನಿಲ್ಲಲು ಜಾಗವಿಲ್ಲದೆ ಮುಖದ ತುಂಬ ಓಡಾಡಿತು. ಕೊನೆಗೆ ಒಳಗೆ ಬಂದು ನಾನು ಕೂರುವ ಕುರ್ಚಿಯಲ್ಲೇ ಕುಸಿದ.

"ಹಂಗಾದ್ರೆ ಕೊನೇಲಿ ನೋಡಿದ್ದು ನಾನೇ," ಎಂದ. "ಅವತ್ ಬೆಳಿಗ್ಗೆ ಸಂತೆಗೆ ಬೈಕಲ್ಲಿ ಬಿಟ್ಟಿದ್ದು ನಾನು."

ನನಗೆ ಅದು ಗೊತ್ತೇ ಇರಲಿಲ್ಲ. ನಾನು ಹೊರಟಾಗ ಮಲಗಿದ್ದಳು.

"ಹೇಳು," ಎಂದೆ. "ಎಲ್ಲ ಹೇಳು. ಏನ್ ಉಟ್ಟಿದ್ಲು? ಏನ್ ತಿಂದಿದ್ಲು? ನಿನಗೆ ಬೈದ್ಲಾ?"

"ಬೈದ್ಲಾ ಅಂದ್ರೆ! ದಾರಿಯುದ್ದಕ್ಕೂ. ಗುಂಡಿ ನೋಡ್ಕೊಂಡ್ ಓಡ್ಸು, ನಾನೇನ್ ಮರಗೆಣಸಿನ್ ಮೂಟೇನಾ ಅಂತ..." ನಕ್ಕ. ನಾನೂ ನಕ್ಕೆ. ಹಳದಿ ಬಟ್ಟೆಯಂತೆ, ಮೀನಿನ ಚಿತ್ರದ್ದು. ನಾನು ಆ ಬಟ್ಟೆಯನ್ನು ಪೆಟ್ಟಿಗೆಯೆಲ್ಲ ಕೆದರಿ ಹುಡುಕಿದ್ದೆ. ಅದು ಅವಳ ಜೊತೆಗೇ ಹೋಗಿದೆ. ಸೊಂಟದ ಸುತ್ತ ಇವನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳಂತೆ. ಸೇತುವೆ ದಾಟಿದ ಮೇಲೆ ಬೈಯುವುದು ನಿಲ್ಲಿಸಿ, ಇವನ ಬೆನ್ನಿಗೆ ಕೆನ್ನೆ ಒರಗಿಸಿ, ನಮ್ಮಿಬ್ಬರ ವಿಷಯ ಏನೋ ಅಂದಳಂತೆ.

ಏನು ಎಂದು ಹೇಳಲು ಹೋದ. ಅರ್ಧಕ್ಕೇ ಬಿಟ್ಟು ಎದ್ದು ಹಿತ್ತಿಲಿಗೆ ಹೋದ. ಮುಖ ತೊಳೆಯುತ್ತಿದ್ದಾನೆ. ಅಷ್ಟರಲ್ಲಿ ಇಷ್ಟನ್ನು ಗೀಚಿದೆ, ಮರೆತು ಹೋಗಬಾರದೆಂದು — ಹಳದಿ, ಮೀನು, ಸೇತುವೆ, ಬೆನ್ನಿಗೆ ಕೆನ್ನೆ.

ನೀರಿನ ಸದ್ದು ನಿಂತಿತು. ಬಂದ. ಬರೆಯುವುದು ಬಿಡು, ಕೇಳು ಎನ್ನುತ್ತಿದ್ದಾನೆ. ಪೆನ್ನು ಕೆಳಗಿಡುತ್ತೇನೆ. ಅಮ್ಮ ಅಂದದ್ದು...